ಹುಣಸೆಹಣ್ಣಿನಲ್ಲಿ ತೊಳೆದ ರಿವಾಲ್ವರ್

ವಿಜಯದಶಮಿ ಕಳೆದ ಮರುದಿನ ಅಂಗಡಿಯ ಬೀಗ ತೆಗೆಯಲು ಹೋದಾಗ ಗಂಡ ಹೆಂಡತಿ ಇಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ಇಬ್ಬರ ನಡುವೆ ಇನ್ನೊಂದು ಸಂಸಾರ ಕೂರುವಷ್ಟು ಜಾಗವಿತ್ತು. ಆತ ರೈಲ್ವೆ ಸ್ಟೇಷನ್ನಿನ ಕಡೆ ಮುಖ ಮಾಡಿದ್ದ, ಆಕೆ ಬಸ್‌ಸ್ಟಾಂಡಿನ ಕಡೆ. ಬೆಳಗಾಗೆದ್ದು ಯಾರ ಮುಖ ನೋಡಿದೆನೋ ಅಂದುಕೊಂಡು ಶಟರ್ ಎತ್ತಿದೆ.

ಬಂಗಾರಪೇಟೆಯ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದು ಬಂದೂಕು ರಿಪೇರಿಯ ಸಣ್ಣ ಅಂಗಡಿ. ಲೈಸೆನ್ಸು, ಉಕ್ಕು ಕಚ್ಚಿ ಹಿಡಿಯುವ ವೈಸು, ಮುಂಗೋಪ ಮೂರೂ ಅಪ್ಪನಿಂದ ಬಂದವು. ಹೆಂಗಸು ಬಂದೂಕು ಬಿಚ್ಚುತ್ತಾಳಾ ಎಂದು ಕೇಳುವವರಿಗೆ, ಬಂದೂಕಿಗೆ ಅದು ಗೊತ್ತಾಗಲ್ಲ ಬಿಡಿ ಎನ್ನುತ್ತೇನೆ.

ಆತ ಮಾಜಿ ಸೈನಿಕ. ಬೇತಮಂಗಲದ ಪಕ್ಕದ ಹಳ್ಳಿಯವನು. ಎರಡು ವರ್ಷದಿಂದ ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಚಿನ್ನದ ಅಂಗಡಿ ಮಾಲೀಕರೊಬ್ಬರ ಗನ್‌ಮ್ಯಾನ್. ಯಜಮಾನರು ಎಲ್ಲಿಗೆ ಹೋದರೂ ಸೊಂಟಕ್ಕೆ ತನ್ನದೇ ಲೈಸೆನ್ಸಿನ ರಿವಾಲ್ವರ್ ಕಟ್ಟಿಕೊಂಡು ಹಿಂದೆ ಹೋಗುವುದು ಆತನ ಕೆಲಸ. ಗುಂಡು ತೆಗೆದಿದ್ದೇನೆಂದು ತೋರಿಸಿ, ಅದನ್ನು ನನ್ನ ಮೇಜಿನ ಮೇಲಿಟ್ಟ.

ನೋಡಿ ದಂಗಾದೆ. ಒಂದು ಮಗ್ಗುಲು ನೇರಳೆಹಣ್ಣಿನ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಇನ್ನೊಂದು ಮಗ್ಗುಲು ಪೂರ್ತಿ ಕೆಂಪು ತುಕ್ಕು.

"ಇದ್ಯಾವ ಕೆರೇಲಿ ಬಿದ್ದಿತ್ತಪ್ಪಾ?"

ಆತ ನನ್ನ ಗೋಡೆಯ ಕ್ಯಾಲೆಂಡರನ್ನು ನೋಡುತ್ತಾ, "ಅವಳ್ನೇ ಕೇಳಿ ಅಕ್ಕ" ಎಂದ.

"ನಾನೇನು ಬೇಕೂಂತ ಮಾಡಿದ್ನಾ ಅಕ್ಕ?" ಆಕೆಯೂ ನನಗೇ ಹೇಳಿದಳು. "ಆಯುಧ ಪೂಜೆ ಅಲ್ವಾ. ಕುಡ್ಲು, ಮಚ್ಚು, ಈಳಿಗೆಮಣೆ ಎಲ್ಲಾ ತೊಳೆದೆ. ದ್ಯಾವ್ರ ಸಾಮಾನು ಬೆಳಗಿದಂಗೆ ಇದನ್ನೂ ಬೆಳಗೋಣಾಂತ ಉಣಸೇಹಣ್ಣು ಆಕಿ ತಿಕ್ಕಿದೆ. ಇವರಿಗೆ ಅದು ಒಳೀತಾ ಇರಬೇಕು ಅಂದ್ರೆ ಪ್ರಾಣ ಅಲ್ವಾ, ಅದಕ್ಕೆ."

"ಆಮೇಲೆ?"

"ಆಮೇಲೆ ವಿಭೂತಿ, ಕುಂಕುಮ ಅಚ್ಚಿ, ನಿಂಬೇಹಣ್ಣು ಕುಯ್ದು ಮೇಲಿಟ್ಟೆ."

"ಯಾವಾಗ ತೆಗೆದೆ?"

"ಪೂಜೆಗಿಟ್ಟ ಆಯುಧಾನ ಅವತ್ತೇ ಮುಟ್ಟಾರಾ ಅಕ್ಕ? ಮಾರ್ನೆ ದಿನ ತೆಗೆದೆ."

ಅಲ್ಲಿಗೆ ಕಥೆ ಮುಗಿದಿತ್ತು. ನಮ್ಮ ಕಡೆ ಆವತ್ತು ಕುಡುಗೋಲಿಗೂ ರಜೆ, ಹೊಲಿಗೆ ಮೆಷೀನಿಗೂ ರಜೆ. ಆ ರಜೆಯಲ್ಲಿ ಹುಣಸೆಯ ಹುಳಿ ಮತ್ತು ನಿಂಬೆಯ ಹುಳಿ ಎರಡೂ ಸೇರಿ ಬೆಳಗಿನ ತನಕ ನಿಂಬೆಯಿಟ್ಟ ಮಗ್ಗುಲಿನ ಉಕ್ಕನ್ನು ತಿಂದಿದ್ದವು. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಆತನ ಮುಖ ನೋಡಿ ಸುಮ್ಮನಾದೆ. ಮಗುವನ್ನು ಆಸ್ಪತ್ರೆಗೆ ತಂದವರ ಮುಖ ಹಾಗಿರುತ್ತದೆ.

"ಬರೋ ಶುಕ್ರವಾರ ಯಜಮಾನ್ರು ಕೋಲಾರಕ್ಕೆ ಓಗ್ತಾ ಇಲ್ಲೇ ಬಂದು ನೋಡ್ತಾರಂತೆ" ಎಂದ. "ಬೆಂಗಳೂರಿಂದ ಯಾರೋ ಏಜೆನ್ಸಿಯೋರು ಒಸಾ ಹುಡುಗನ್ನ ಕಳಿಸ್ತೀವಿ ಅಂತ ಅವರ ಹಿಂದೆ ಬಿದ್ದವ್ರೆ. ಇದು ಸರಿ ಇಲ್ದಿದ್ರೆ ನನ್ನ ಕೆಲ್ಸ ಓಯ್ತು. ನನ್ನ ವಯಸ್ಸಿಗೆ ಇನ್ಯಾರು ಕೊಡ್ತಾರೆ ಅಕ್ಕ?"

ರಸೀದಿ ಕೊಟ್ಟು, ಅವರಿಬ್ಬರ ಎದುರಿಗೇ ಬಿಚ್ಚಲು ಕೂತೆ. ಹಿಡಿಕೆಯ ಮರ ಕಳಚಿದೆ, ಪಕ್ಕದ ತಟ್ಟೆ ತೆಗೆದೆ. ಹುಳಿನೀರು ಒಳಗೂ ಇಳಿದಿತ್ತು. ಗುಂಡು ತುಂಬುವ ಸಿಲಿಂಡರು ಗಾಣದ ಎತ್ತಿನ ಹಾಗೆ ಮೊಂಡು ಹಿಡಿದು ತಿರುಗಲಿಲ್ಲ. ಅದಕ್ಕೆಲ್ಲ ಮದ್ದಿದೆ. ನನ್ನ ತಲೆ ಕೆಡಿಸಿದ್ದು ಬೇರೆ. ಭೂತಗನ್ನಡಿ ಹಿಡಿದು ಒಳ್ಳೆಯ ಮಗ್ಗುಲನ್ನು ನೋಡಿದೆ. ನಳಿಗೆಯ ತುದಿಯಲ್ಲಿ ಒಂದು ಚೂರೂ ಬಿಳುಪಿಲ್ಲ. ಸಿಲಿಂಡರಿನ ಅಂಚಿನಲ್ಲಿ ಒಂದು ಗೀರಿಲ್ಲ.

ದಿನಾ ಸೊಂಟದಲ್ಲಿ ಓಡಾಡುವ ರಿವಾಲ್ವರ್ ಹೀಗಿರುವುದಿಲ್ಲ. ಅದರ ಮೈಮೇಲಿನ ನೀಲಿಗಪ್ಪು ಬಣ್ಣವನ್ನು ನಾವು ಬ್ಲೂಯಿಂಗ್ ಅನ್ನುತ್ತೇವೆ. ಚರ್ಮದ ಹೋಲ್‌ಸ್ಟರಿನ ಒಳಗೆ ಹೋಗಿ ಬಂದು, ಮೊದಲು ನಳಿಗೆಯ ತುದಿ ಬೆಳ್ಳಗಾಗುತ್ತದೆ, ಆಮೇಲೆ ಸಿಲಿಂಡರಿನ ಅಂಚು. ಕೆಜಿಎಫ್‌ನಲ್ಲಂತೂ ಕೇಳುವುದೇ ಬೇಡ. ಗಣಿಯಿಂದ ತೆಗೆದು ಸುರಿದ ಬಿಳಿ ಮಣ್ಣಿನ ಗುಡ್ಡಗಳಿಂದ ಗಾಳಿಗೆದ್ದ ಧೂಳು ಊಟದ ಡಬ್ಬಿಯನ್ನೂ ಬಿಡುವುದಿಲ್ಲ. ಹೋಲ್‌ಸ್ಟರಿನೊಳಗೆ ಸೇರಿದರೆ ಉಕ್ಕು ಉಜ್ಜುವ ಎಮೆರಿ ಪೇಪರಿನ ಕೆಲಸ ಮಾಡುತ್ತದೆ. ಅಲ್ಲಿಂದ ಬರುವ ಒಂದೊಂದು ರಿವಾಲ್ವರಿನ ಮೂತಿಯೂ ಬೆಳ್ಳಗೆ ಸವೆದಿರುತ್ತದೆ.

"ಏನಪ್ಪಾ, ಎರಡು ವರ್ಷ ಇದನ್ನು ಕಟ್ಟಿಕೊಂಡು ಓಡಾಡಿದೀಯ?"

"ಊಂ ಅಕ್ಕ."

"ದಿನಾನೂ?"

ಆತ ಫ್ಯಾನಿನ ರೆಕ್ಕೆ ಎಣಿಸುವವನ ಹಾಗೆ ಮೇಲೆ ನೋಡಿದ. ಹೆಂಡತಿಯೇ ಬಾಯಿ ಬಿಟ್ಟಳು. "ಬಟ್ಟೆ ಸುತ್ತಿ ಆ ತೊಗಲು ಚೀಲದೊಳಗಿಟ್ಕೊಂಡು ಓಗ್ತಾರಕ್ಕ. ಗೀರು ಬೀಳ್ತದೆ ಅಂತ. ನನ್ನ ಅಳೇ ರೇಷ್ಮೆ ಸೀರೆ ಸೆರಗು ಅರಿದು ಕೊಟ್ಟಿದೀನಿ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೋಪ ಬಂತು. ಕಪಾಟಿನಿಂದ ಮರದ ರಿವಾಲ್ವರೊಂದನ್ನು ತೆಗೆದೆ. ಅಳತೆ ನೋಡಿ ಹೋಲ್‌ಸ್ಟರ್ ಹೊಲಿಸಲು ಇಟ್ಟುಕೊಂಡದ್ದು. "ಇದನ್ನ ನಿನ್ನ ಸೆರಗಲ್ಲಿ ಸುತ್ತಿ ಒಳಗಿಟ್ಕೋ. ನಾನೇ ಕಳ್ಳಿ. ತೆಗಿ ಈಗ."

ಆತ ಹೋಲ್‌ಸ್ಟರಿನ ಗುಂಡಿ ಬಿಚ್ಚಿದ, ಗಂಟನ್ನು ಎಳೆದ, ಅದು ಸಿಕ್ಕಿಕೊಂಡಿತು, ಎರಡೂ ಕೈ ಹಾಕಿ ಹೊರಗೆ ತೆಗೆದ, ಸೆರಗಿನ ಮಡಿಕೆ ಬಿಚ್ಚತೊಡಗಿದ.

"ಅಷ್ಟೊತ್ತಿಗೆ ಕಳ್ಳ ಮುದ್ದೆ ಉಂಡು ಕೈ ತೊಳ್ಕೊಂಡು ಊರು ಸೇರಿರ್ತಾನೆ ಕಣಪ್ಪ!"

ಆತ ನಗಲಿಲ್ಲ. ಸೆರಗಿನ ತುಂಡನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಅವರು ಹೋದ ಮೇಲೆ ಕೆಲಸ ಶುರು ಮಾಡಿದೆ. ಮೊದಲು ಎಣ್ಣೆಯಲ್ಲಿ ನೆನೆಸಿ, ಹಿತ್ತಾಳೆ ನಾರಿನಿಂದ ಕೆಂಪನ್ನು ತೆಗೆಯುವುದು. ಆಮೇಲೆ ವಿನಿಗರ್ ಬಳಿದು ಉಳಿದ ಹಳೆಯ ಬಣ್ಣವನ್ನೂ ತೆಗೆದು, ಬರೀ ಬಿಳಿ ಉಕ್ಕು ಮಾಡುವುದು. ಆಗ ಹುಣಸೆಯ ಪ್ರತಾಪ ಪೂರ್ತಿ ಕಂಡಿತು. ತುಕ್ಕು ತಿಂದ ಎಡ ಮಗ್ಗುಲಲ್ಲಿ ಸಿಡುಬಿನ ಕಲೆಯ ಹಾಗೆ ಸಣ್ಣ ಸಣ್ಣ ಗುಳಿಗಳು. ಎಮೆರಿ ಪೇಪರು ಹಾಕಿ ಉಜ್ಜಿದರೆ ಹೋಗುತ್ತವೆ. ಆದರೆ ಗುಳಿಗಳ ನಡುವೆಯೇ ರಿವಾಲ್ವರಿನ ನಂಬರು ಕೆತ್ತಿತ್ತು. ಗುಳಿಯ ಆಳಕ್ಕೆ ಉಜ್ಜಿದರೆ ನಂಬರೂ ಅಳಿಸುತ್ತದೆ. ನಂಬರಿಲ್ಲದ ರಿವಾಲ್ವರ್ ಎಂದರೆ ಪೊಲೀಸರ ಕಣ್ಣಿಗೆ ಕಳ್ಳಮಾಲು. ಆತನ ಲೈಸೆನ್ಸು ಹೋಗುತ್ತದೆ, ಅದರ ಹಿಂದೆ ನನ್ನದೂ ಹೋಗುತ್ತದೆ.

ನಂಬರಿನ ಸುತ್ತ ಬೆರಳ ತುದಿಯಷ್ಟೇ ಪೇಪರು ಮಡಿಸಿ, ಉಸಿರು ಹಿಡಿದು ಸವರಿದೆ. ಅಂಕಿಗಳ ಅಂಚು ಮೆತ್ತಗಾಗುವ ಸೂಚನೆ ಕಂಡ ಕೂಡಲೇ ಕೈ ತೆಗೆದೆ. ಅರ್ಧದಷ್ಟು ಗುಳಿಗಳು ಹಾಗೇ ಉಳಿದವು.

ಮುಂದಿನದು ನನಗೆ ಇಷ್ಟದ ಕೆಲಸ. ಸುಣ್ಣ ಕಲಸಿದ ನೀರಿನಿಂದ ಉಜ್ಜಿ ಜಿಡ್ಡು ತೆಗೆದ ಮೇಲೆ ಉಕ್ಕನ್ನು ಬರಿಗೈಯಿಂದ ಮುಟ್ಟುವ ಹಾಗಿಲ್ಲ. ನಳಿಗೆಯ ಎರಡೂ ಬಾಯಿಗೆ ಮರದ ಬೆಣೆ ಹೊಡೆದು, ಆ ಬೆಣೆ ಹಿಡಿದೇ ಎಲ್ಲ ಕೆಲಸ. ತುಕ್ಕು ಬರಿಸುವ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ, ಹಿಂಡಿ, ಒಂದೇ ಎಳೆತಕ್ಕೆ ತೆಳ್ಳಗೆ ಸವರಬೇಕು. ಆಮೇಲೆ ತೇವದ ಪೆಟ್ಟಿಗೆಯಲ್ಲಿ ತೂಗುಹಾಕಬೇಕು. ಅದು ಹಳೆಯ ಮರದ ಬೀರು, ಕೆಳಗೆ ಒಂದು ಬೋಗುಣಿ ನೀರು, ಅಷ್ಟೇ. ಬಾಗಿಲು ಮುಚ್ಚಿದರೆ ಒಳಗೆ ಸದ್ದಿಲ್ಲದೆ ತುಕ್ಕು ಬೆಳೆಯುತ್ತದೆ. ಹುಣಸೆಹಣ್ಣು ಮಾಡಿದ ಕೆಲಸವನ್ನೇ ನಾನೂ ಮಾಡುತ್ತೇನೆ, ಆದರೆ ಇಷ್ಟಿಷ್ಟೇ, ಉಕ್ಕನ್ನು ಕೇಳಿಕೊಂಡು.

ಹೀಗೆ ಬೆಳೆದ ಕೆಂಪು ಬೂಸನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸಬೇಕು. ಬ್ಯಾಟರಿ ಅಂಗಡಿಯಿಂದ ಕ್ಯಾನು ತರಿಸುತ್ತೇನೆ. ನಮ್ಮ ಬೋರಿನ ನೀರು ಹಾಕಿದರೆ ಸುಣ್ಣದ ಚುಕ್ಕೆ ಬೀಳುತ್ತವೆ. ಕುದಿಯುತ್ತಾ ಕುದಿಯುತ್ತಾ ಕೆಂಪು ತಾನಾಗಿ ಕಪ್ಪಾಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಆವಿ ಕಿಟಕಿಗೆ ಹತ್ತಿ ಬೀದಿ ಮಸುಕಾಗುತ್ತದೆ. ಸ್ಟೇಷನ್ನಿನ ಮೈಕಿನಲ್ಲಿ ದೂರದ ಊರುಗಳ ಹೆಸರು ಮೂರು ಭಾಷೆಯಲ್ಲಿ ತೇಲಿ ಬರುತ್ತವೆ. ನಾನು ಆ ಯಾವ ಊರಿಗೂ ಹೋದವಳಲ್ಲ. ಆದರೆ ಆ ಆವಿಯಲ್ಲಿ ಕೂತಾಗ ಎಲ್ಲ ಊರಿಗೂ ಹೋಗಿ ಬಂದಷ್ಟು ಹಗುರಾಗುತ್ತೇನೆ. ಕೆಳಗೆ ಪಾತ್ರೆಯಲ್ಲಿ ಉಕ್ಕು ಬಣ್ಣ ತಿರುಗುತ್ತಿರುತ್ತದೆ. ಎಷ್ಟೋ ಸಲ ಟೀ ತಂದವನು ಹತ್ತಿರ ಬಂದು ಕೂಗಿದರೇ ನನಗೆ ಎಚ್ಚರ.

ಕುದಿಸಿದ ಮೇಲೆ ಸಣ್ಣ ತಂತಿಯ ಬ್ರಷ್ಷಿನಿಂದ ಮೇಲಿನ ಮಸಿ ಕೆರೆದರೆ, ಕೆಳಗೆ ತೆಳ್ಳನೆಯ ಬೂದುಗಪ್ಪು. ಮತ್ತೆ ಸವರು, ಮತ್ತೆ ತೂಗುಹಾಕು, ಮತ್ತೆ ಕುದಿಸು. ಒಂದೊಂದು ಸುತ್ತಿಗೂ ಕಪ್ಪು ಒಂದೊಂದು ಎಳೆ ಗಟ್ಟಿಯಾಗುತ್ತದೆ. ಅವಸರ ಮಾಡುವವರಿಗೆ ಇದು ಹೇಳಿಸಿದ ಕೆಲಸವಲ್ಲ.

ಅವಸರದವನು ಬಂದೇಬಿಟ್ಟ. ಸೋಮವಾರ ಗನ್‌ಮ್ಯಾನ್ ನೋಡಿಕೊಂಡು ಹೋಗಲು ಬಂದ. ನಾನು ದ್ರಾವಣ ಸವರಿ, ಮುಟ್ಟಬೇಡ ಎಂದು ಆತನಿಗೆ ಹೇಳಿ, ಕೈಗವಸು ತೆಗೆದು, ಮುಂದಿನ ಕೋಣೆಯಲ್ಲಿ ಇನ್ನೊಬ್ಬ ಗಿರಾಕಿಯ ಹತ್ತಿರ ಮಾತಾಡುತ್ತಿದ್ದೆ. ಮರುದಿನ ಪೆಟ್ಟಿಗೆ ತೆಗೆದರೆ ಎಡ ಮಗ್ಗುಲಿನ ಕೆಂಪು ಬೂಸಿನ ನಡುವೆ ಒಂದು ಹೆಬ್ಬೆಟ್ಟು, ರಿಜಿಸ್ಟ್ರಾರ್ ಆಫೀಸಿನಲ್ಲಿ ಒತ್ತಿಸಿದಷ್ಟು ಚೊಕ್ಕವಾಗಿ ಬೆಳ್ಳಗೆ ಕೂತಿತ್ತು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ಕೈ. ಜಿಡ್ಡಿದ್ದ ಕಡೆ ತುಕ್ಕು ಹಿಡಿಯುವುದಿಲ್ಲ.

ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. "ಅಲ್ಲಪ್ಪಾ, ನಿಂಗೆ ಕೈ ಕಡೀತಾ ಇತ್ತಾ? ಮುಟ್ಟಬೇಡ ಅಂದ್ರೆ ಮುಟ್ಟೋಕೆ ಅದೇನು ನಿಮ್ಮ ಮಾವನ ಮನೆ ಎಮ್ಮೆನಾ?"

"ಒಂದು ಸಲ ಇಂಗೆ ಸವರಿದೆ ಅಷ್ಟೇ ಅಕ್ಕ" ಎಂದ.

ಎಡ ಮಗ್ಗುಲನ್ನು ಮತ್ತೆ ಬಿಳಿ ಉಕ್ಕಿಗೆ ಇಳಿಸಬೇಕಾಯಿತು. ಅಂದರೆ ನಂಬರಿನ ಮೇಲೆ ಇನ್ನೊಂದು ಸಲ ಕೈ ಓಡಬೇಕು, ಶುಕ್ರವಾರಕ್ಕೆ ಸುತ್ತುಗಳು ಕಡಿಮೆಯಾಗುತ್ತವೆ. ಸಿಟ್ಟಿನಲ್ಲೇ ಕೂತು ಉಜ್ಜಿದೆ. ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಬಂದರು. ನನ್ನ ಸಿಟ್ಟು ಇಳಿಸಲು ಆಕೆ ಹುರುಳಿಕಾಳಿನ ಬಸ್ಸಾರು ಕಟ್ಟಿಕೊಂಡು ಬಂದಿದ್ದಳು. ಆತ ಕೈ ಹಿಂದೆ ಕಟ್ಟಿಕೊಂಡು ನಿಂತ.

"ಅಕ್ಕ, ಬಫ್ ಮೆಷೀನಿಗೆ ಕೊಟ್ಬುಡಿ. ಗುಳಿ ಎಲ್ಲಾ ಓಗಿ ಕನ್ನಡಿ ಆಗ್ತದೆ. ಯಜಮಾನ್ರು ನೋಡೋದು ಒಳಪನ್ನೇ."

ಸುಳ್ಳು ಯಾಕೆ ಹೇಳಲಿ, ಆ ಯೋಚನೆ ನನಗೂ ಬಂದಿತ್ತು. ಗರಗರ ತಿರುಗಿ ಉಜ್ಜುವ ಬಫ್ ಚಕ್ರಕ್ಕೆ ಕೊಟ್ಟರೆ ಸ್ವಲ್ಪ ಹೊತ್ತಿನ ಕೆಲಸ. ಅಂಕಿಗಳು ಅರ್ಧ ಮಾಸಿದರೂ, ಕಣ್ಣು ಕಿರಿದು ಮಾಡಿ ಓದಿಕೊಳ್ಳಬಹುದಿತ್ತು. ಆತನ ಕೆಲಸ ಉಳಿದರೂ ಉಳಿಯುತ್ತಿತ್ತು. ಆದರೆ ಮುಂದಿನ ರಿನ್ಯೂವಲ್‌ನಲ್ಲಿ ಯಾರೋ ಒಬ್ಬರು ನಂಬರಿನ ಮೇಲೆ ಬೆರಳಿಟ್ಟು ತಲೆಯೆತ್ತಿ ನೋಡುತ್ತಾರೆ. ಆಗ ಉತ್ತರ ಕೊಡುವವರು ಯಾರು?

"ಆಗಲ್ಲ" ಎಂದೆ. "ಗುಳಿ ಇರ್ತವೆ. ಬಣ್ಣ ಮಂಕಾಗಿರತ್ತೆ, ಕನ್ನಡಿ ಹೊಳಪು ಬರಲ್ಲ. ಆದರೆ ಗಟ್ಟಿ ಬಣ್ಣ. ಒಪ್ಪಿಗೆ ಇದ್ರೆ ಮಾಡ್ತೀನಿ. ಇಲ್ಲ ಅಂದ್ರೆ ಹೀಗೇ ತಗೊಂಡು ಹೋಗು."

ಆತ ಸ್ಟೂಲಿನ ಮೇಲೆ ಕುಸಿದು ಕೂತ. ನಾನು ಪಾತ್ರೆಯನ್ನು ಒಲೆಯ ಮೇಲಿಟ್ಟೆ. ಒಳಗೆ ಸಿಲಿಂಡರು, ಪಕ್ಕದ ತಟ್ಟೆ ಕುದಿಯತೊಡಗಿದವು. ಆವಿ ತುಂಬಿ ಮೂವರ ಮುಖವೂ ಮಸುಕಾಯಿತು. ಆ ಮಸುಕಿನಲ್ಲಿ ಮಾತಾಡುವುದು ಸುಲಭವಾಯಿತೋ ಏನೋ, ಯಾರೂ ಕೇಳದೆಯೇ ಆತ ಹೇಳತೊಡಗಿದ.

"ಓದ ವರ್ಷ ಬೇತಮಂಗಲದ ರೋಡಲ್ಲಿ ಬತ್ತಾ ಇದ್ವಿ ಅಕ್ಕ. ಕೆರೆ ಏರಿ ಮೇಲೆ. ಒಂದು ಬೈಕು ಹಿಂದೆ ಬಂತು. ಇಬ್ಬರು. ಕಾರಿನ ಪಕ್ಕಕ್ಕೇ ಬಂದು ಗಾಜು ತಟ್ಟಿದ್ರು. ಯಜಮಾನ್ರು ನನ್ನ ಮುಖ ನೋಡಿದ್ರು. ನನ್ನ ಕೈ ಸೊಂಟಕ್ಕೆ ಓಯ್ತು. ಅಲ್ಲಿ ಗಂಟು ಸಿಕ್ತು. ಎಳೀತೀನಿ, ಬರ್ತಾ ಇಲ್ಲ. ಆ ನೀರು, ಆ ಬಿಸ್ಲು, ಎಲ್ಲಾ ನಿಂತೋದಂಗಾಯ್ತು."

"ಆಮೇಲೆ?"

"ದಾರಿ ಕೇಳೋಕೆ ಬಂದಿದ್ರು ಅಕ್ಕ. ಮುಳಬಾಗಿಲಿಗೆ ಎಂಗೆ ಓಗೋದು ಅಂತ."

ನಾನು ನಗಬಹುದಿತ್ತು. ನಗು ಬರಲಿಲ್ಲ. ಹೆಂಡತಿ ಗೋಡೆಗೆ ಒರಗಿ ನಿಂತಿದ್ದವಳು, ಹಬ್ಬದ ದಿನದಿಂದ ಮೊದಲ ಸಲ ಗಂಡನಿಗೇ ನೇರವಾಗಿ ಮಾತಾಡಿದಳು.

"ದಾರಿ ಕೇಳೋರು ಆಗಿರ್ದಿದ್ರೆ?"

ಆತ ನನ್ನ ಕಡೆ ನೋಡಿದ.

"ಕೇಳ್ತಾ ಇರೋದು ನಿಮ್ಮನ್ನೇ. ಅವರು ಬೇರೆಯೋರು ಆಗಿದ್ರೆ? ಆ ಕಬ್ಣ ಚೆಂದಾಗಿರ್ತಿತ್ತು, ನೀವಿರ್ತಿದ್ರಾ? ನಾನು ಯಾರ ಮುಖ ನೋಡ್ಕೊಂಡು ಬದುಕ್ಲಿ?" ಆಕೆ ಬಸ್ಸಾರಿನ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಒಳೆಯೋದು ಬೇಕು ಅಂದಿದ್ರೆ ದ್ಯಾವ್ರ ಮನೇಲಿ ಚೊಂಬು ಐತಲ್ಲ, ಅದನ್ನ ನೋಡ್ಕೊಂಡಿರಿ!"

ಆತ ತಲೆ ತಗ್ಗಿಸಿದ. ಮಿಲಿಟರಿಯಲ್ಲಿ ದಿನಾ ಬೆಳಗ್ಗೆ ಆಯುಧ ಹೊಳೆಯದಿದ್ದರೆ ಶಿಕ್ಷೆ ಇತ್ತಂತೆ. ಆ ಭಯ ಕೈಯಲ್ಲೇ ಉಳಿದುಬಿಟ್ಟಿದೆ ಎಂದ. ನನಗೆ ಪಾಪ ಅನ್ನಿಸಿತು. ಅಲ್ಲಿ ಹೊಳಪು ನೋಡಿದವರು ಆಯುಧವನ್ನು ಹೊರಗೆ ತೆಗೆಯಲೂ ಕಲಿಸಿದ್ದರು. ಆತ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಮರೆತಿದ್ದ.

"ಸವೆತ ಬೇರೆ, ತುಕ್ಕು ಬೇರೆ ಕಣಪ್ಪ" ಎಂದೆ, ನನಗೇ ಆಶ್ಚರ್ಯವಾಗುವಷ್ಟು ಮೆತ್ತಗೆ. "ಸವೆದ ಕಡೆ ಒಂದು ಹನಿ ಎಣ್ಣೆ ಸವರಿದ್ರೆ ಆಯ್ತು. ನಾಚಿಕೆ ಪಡೋದು ತುಕ್ಕಿಗೆ."

"ಅಂಗೇ ಮಾಡಿ ಅಕ್ಕ. ಮಂಕಾಗೇ ಇರ್ಲಿ" ಎಂದ ಕೊನೆಗೆ. ಆದರೆ ಮುಖದಲ್ಲಿ ಒಪ್ಪಿಗೆ ಇರಲಿಲ್ಲ.

ಉಳಿದ ದಿನಗಳು ಕನಸಿನಲ್ಲಿ ನಡೆದ ಹಾಗೆ ನಡೆದವು. ಕೆಜಿಎಫ್‌ನ ನಂದಿದುರ್ಗ ಗಣಿಯ ಕಾರ್ಮಿಕರ ಸಾಲಿನಲ್ಲಿರುವ ನನ್ನ ಲೈನ್ ಮನೆಯಿಂದ ಹೊರಟು ಬೆಳಗಿನ ರೈಲು ಹತ್ತಿದರೆ, ಮಂಜಿನಲ್ಲಿ ಬಿಳಿ ಗುಡ್ಡಗಳು ಯಾವುವು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಸೀಟಿನಲ್ಲಿ ಕೂತೇ ಪೆಟ್ಟಿಗೆಯೊಳಗಿನ ಉಕ್ಕನ್ನು ನೆನೆಯುತ್ತಿದ್ದೆ. ಈಗ ಎಷ್ಟು ಬೂಸು ಬಂದಿರಬಹುದು, ತೇವ ಹೆಚ್ಚಾಯಿತೇ, ಗುಳಿಗಳೊಳಗೆ ಹನಿ ನಿಂತಿತೇ. ಜಿಟಿಜಿಟಿ ಮಳೆ ಹಿಡಿದು ಪೆಟ್ಟಿಗೆಗೆ ಬೇಕಾದ ತೇವ ತಾನಾಗಿ ಸಿಕ್ಕಿತು. ಎಡ ಮಗ್ಗುಲು ಬಲದ ಜತೆ ಬಣ್ಣದಲ್ಲಿ ಸೇರಿಕೊಳ್ಳುತ್ತಾ ಬಂತು. ಕೊನೆಯ ಸಲ ಕುದಿಸಿ, ಬಿಸಿಯಿರುವಾಗಲೇ ಎಣ್ಣೆಯಲ್ಲಿ ಮುಳುಗಿಸಿದೆ. ಹೊರಗೆ ತೆಗೆದು ಒರೆಸಿದಾಗ, ಮಳೆ ಬೀಳುವ ಮೊದಲಿನ ಮೋಡದ ಬಣ್ಣ ಬಂದಿತ್ತು. ಹೊಳಪಿಲ್ಲ. ಬೆಳಕು ಮೇಲೆ ಬಿದ್ದು ಜಾರದೆ ಅಲ್ಲೇ ನಿಲ್ಲುತ್ತಿತ್ತು. ನಂಬರು ಓದಲು ಭೂತಗನ್ನಡಿ ಬೇಕಿರಲಿಲ್ಲ. ಅದರ ಸುತ್ತ ಗುಳಿಗಳು ಇದ್ದ ಹಾಗೇ ಇದ್ದವು.

ಶುಕ್ರವಾರ ಗಂಡ ಹೆಂಡತಿ ಮೊದಲೇ ಬಂದು ಕೂತರು. ಸಿಲಿಂಡರು ತಿರುಗಿಸಿ, ಸುತ್ತಿಗೆಯಂಥ ಕುದುರೆ ಎಳೆದು ಬಿಟ್ಟು, ಎಲ್ಲ ಸರಿಯಿದೆಯೆಂದು ಆತನಿಗೆ ತೋರಿಸಿದೆ. ಆಮೇಲೆ ಮೇಜಿನ ಮೇಲೆ ಬಟ್ಟೆ ಹಾಸಿ, ಬಲ ಮಗ್ಗುಲು ಮೇಲಾಗುವಂತೆ ಇಟ್ಟೆ. ನಾನೇನು ಸತ್ಯಹರಿಶ್ಚಂದ್ರನ ವಂಶದವಳಲ್ಲ. ಆತನ ಕೆಲಸ ಉಳಿಯಲಿ ಎಂದು ನನಗೂ ಆಸೆಯಿತ್ತು.

ಯಜಮಾನರು ಕಾರಿನಿಂದಿಳಿದು ಕೊಡೆ ಮಡಚುತ್ತಾ ಬಂದರು. ಅವರ ಬಾಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಎಲೆಯಲ್ಲಿ ಬಡಿಸಿದ ಹಾಗೆ ಬರುತ್ತವೆ. ಬಗ್ಗಿ ನೋಡಿ, "ಪರವಾಗಿಲ್ವೇ, ಬಾಗುಂದಿ. ಹೊಸದರ ಹಂಗೇ ಐತಲ್ಲಮ್ಮಾ!" ಎಂದು ತಲೆಯಾಡಿಸಿದರು.

ಆತನ ಕೆಲಸ ಅಲ್ಲಿಗೆ ಉಳಿದಿತ್ತು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಗನ್‌ಮ್ಯಾನ್ ಮುಂದೆ ಬಂದು ರಿವಾಲ್ವರನ್ನು ತಾನೇ ಮಗುಚಿ ಎಡ ಮಗ್ಗುಲು ಮೇಲೆ ಮಾಡಿದ.

"ಈ ಕಡೆ ಗುಳಿ ಅವೆ ಸಾರ್. ತುಕ್ಕು ತಿಂದದ್ದು. ಇನ್ನೊಂದು ವಿಷ್ಯ ಹೇಳ್ಬೇಕು. ಎರಡು ವರ್ಷ ಇದನ್ನ ಬಟ್ಟೇಲಿ ಸುತ್ತಿ ಇಟ್ಕೊಂಡು ನಿಮ್ಮ ಹಿಂದೆ ಬಂದೆ. ಗೀರು ಬೀಳ್ತದೆ ಅಂತ. ಅವತ್ತು ಕೆರೆ ಏರಿ ಮೇಲೆ ಅವರು ಕಳ್ಳರಾಗಿದ್ರೆ ನನ್ನ ಕೈಲಿ ಏನೂ ಆಗ್ತಿರ್ಲಿಲ್ಲ."

ಯಜಮಾನರು ಆತನನ್ನೇ ನೋಡಿದರು. "ಎನ್ನಪ್ಪಾ ಇದು? ಎರಡು ವರ್ಷ ನನ್ನ ಪ್ರಾಣಾನ ಬಟ್ಟೇಲಿ ಗಂಟು ಕಟ್ಟಿ ಇಟ್ಟಿದ್ಯಾ?"

"ರೇಷ್ಮೆ ಬಟ್ಟೆ ಸಾರ್" ಎಂದಳು ಹೆಂಡತಿ ಹೆದರಿಕೆಯಲ್ಲಿ, ಅದರಿಂದ ತಪ್ಪು ಕಡಿಮೆಯಾಗುತ್ತದೆಯೇನೋ ಎಂಬಂತೆ.

ಯಜಮಾನರು ಕುರ್ಚಿ ಎಳೆದು ಕೂತರು. ಕೊಡೆಯಿಂದ ನೀರು ತೊಟ್ಟಿಕ್ಕಿ ನೆಲದ ಮೇಲೆ ಹರಿಯುತ್ತಿತ್ತು. ಏಜೆನ್ಸಿಯ ಹುಡುಗನ ನಂಬರಿಗೆ ಈಗಲೇ ಫೋನ್ ಮಾಡುತ್ತಾರೆ ಎಂದುಕೊಂಡೆ. ಅವರು ಫೋನು ತೆಗೆದರು, ನೋಡಿದರು, ಮತ್ತೆ ಜೇಬಿಗೆ ಹಾಕಿದರು.

"ಇವಾಗ ಹಾಕ್ಕೋ. ತೆಗಿ, ನೋಡೋಣ."

ಆತ ಖಾಲಿ ರಿವಾಲ್ವರನ್ನು ಬರೀ ಚರ್ಮದ ಹೋಲ್‌ಸ್ಟರಿಗೆ ಇಳಿಸಿದ. ಕೈ ಅದರ ಮೇಲೆ ಬಂದು ನಿಂತಿತು. ಅಷ್ಟು ದಿನದ ಆವಿ, ತುಕ್ಕು, ಕಪ್ಪು ಎಲ್ಲ ಆ ಕೈಯ ಕೆಳಗಿತ್ತು. ನನಗೇ ಒಂದು ಗಳಿಗೆ, ಬೇಡಪ್ಪಾ, ನಿಧಾನ, ಎನ್ನುವಂತಾಯಿತು. ಹೆಂಡತಿ ಕಣ್ಣು ಮುಚ್ಚಿದಳು.

ಆತ ಎಳೆದ. ಕಣ್ಣು ಮಿಟುಕಿಸುವಷ್ಟರಲ್ಲಿ ರಿವಾಲ್ವರ್ ಕೈಗೆ ಬಂದು, ನೆಲದ ಕಡೆ ಮೂತಿ ಮಾಡಿ ಅಲ್ಲಾಡದೆ ನಿಂತಿತು. ಹೋಲ್‌ಸ್ಟರಿನ ಹಿತ್ತಾಳೆ ಗುಂಡಿಗೆ ಉಕ್ಕು ಉಜ್ಜಿದ ಸದ್ದು ಎಲ್ಲರಿಗೂ ಕೇಳಿಸಿತ್ತು. ನಳಿಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಬೆಳ್ಳನೆಯ ಗೀರು.

ಯಜಮಾನರು ಹತ್ತಿರ ಬಂದು ಬೆರಳಿಟ್ಟು ನೋಡಿದರು. "ಗೀರು ಬಿತ್ತಲ್ಲಯ್ಯಾ ಹೊಸ ಬಣ್ಣಕ್ಕೆ."

ಆತ ಗೀರನ್ನು ನೋಡಲಿಲ್ಲ.

"ಬೀಳ್ಲಿ ಬಿಡಿ ಸಾರ್" ಎಂದ.

ಯಜಮಾನರು ಕೊಡೆ ಎತ್ತಿಕೊಂಡರು. "ಗುಂಡು ಹಾಕ್ಕೊಂಡು ಬಾ. ಕೋಲಾರಕ್ಕೆ ಹೊತ್ತಾಯ್ತು."